ಕಬ್ಬಿಣದ ಮಂಟಪ ಕೆರೆದ ದಿನಗಳು

ಒಂದು ತೋಟದಲ್ಲಿ ಹಳೆಯ ಕಲ್ಲಿನ ಹೂಕುಂಡವನ್ನೋ ಬೀಡು ಕಬ್ಬಿಣದ ಬೆಂಚನ್ನೋ ಇಡುವ ಮೊದಲು ಆ ಮನೆಯವರು ಒದ್ದೆ ಬಟ್ಟೆ ಎಲ್ಲಿ ಹರವುತ್ತಾರೆ ಎಂದು ನೋಡಬೇಕು. ಪಾತ್ರೆ ತಿಕ್ಕಿದ ನೀರು ಯಾವ ಕಡೆ ಹರಿಯುತ್ತದೆ, ಅತ್ತೆಯವರು ಸಂಜೆ ಯಾವ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಳ್ಳುತ್ತಾರೆ, ಕಾರು ತಿರುಗಿಸುವಾಗ ಡ್ರೈವರ್ ಹುಲ್ಲಿನ ಮೇಲೆ ಎಷ್ಟು ಒಳಗೆ ಬರುತ್ತಾನೆ, ಇದೆಲ್ಲ ತಿಳಿದ ಮೇಲೆ ನಕ್ಷೆ ಬಿಡಿಸಲು ಕೂರಬಹುದು. ನನ್ನ ತಂಗಿಯ ಮಗಳು ಸಹನಾ ಈಗ ಇದೇ ಕೆಲಸ ಕಲಿಯುತ್ತಿದ್ದಾಳೆ. ಅವಳಿಗೆ ಕಾಲೇಜಿನಲ್ಲಿ ಪಾಠವೇ ಇದೆ. ಕಂಪ್ಯೂಟರಿನಲ್ಲಿ ಇಡೀ ತೋಟವನ್ನು ಸುತ್ತು ಹಾಕಿಸಿ ತೋರಿಸಿದಳು. ಬಟ್ಟೆ ಹರವುವ ಹಗ್ಗ ಅದರಲ್ಲಿ ಎಲ್ಲೂ ಕಾಣಲಿಲ್ಲ.

"ದೊಡ್ಡಮ್ಮ, ನಿನಗ ಗೊತ್ತಿದ್ದದ್ದು ಬರದು ಕೊಡು. ನಮ್ಮ ಕ್ಲಾಸಿನವರೆಲ್ಲಾ ಓದ್ತೀವಿ" ಎಂದಳು.

ಮೊಣಕಾಲು ನೋವಿನಿಂದ ಕೆಲಸ ಬಿಟ್ಟು ಮನೆಯಲ್ಲಿರುವವಳು ನಾನು, ಬಿಡುವಿಗೇನೂ ಕೊರತೆಯಿಲ್ಲ. ಬರೆಯಲು ಕೂತಾಗ ಹೆಮ್ಮೆಪಡುವಂಥ ಸಂಗತಿಗಳು ಬೇಗನೆ ಮುಗಿದುಹೋದವು. ಮುಖ ಬಿಸಿಯಾಗುವಂಥವೇ ಹೆಚ್ಚು ಉಳಿದಿದ್ದವು. ಸಹನಾಗೆ ಅವುಗಳಿಂದಲೇ ಹೆಚ್ಚು ಪ್ರಯೋಜನವಾದೀತು.

ನಾನು ಕಲಬುರಗಿಯವಳು, ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಹೈದರಾಬಾದಿನ ನಾರಾಯಣಗುಡಕ್ಕೆ ಬಂದೆ. ಮಕ್ಕಳು ಸ್ಕೂಲಿಗೆ ಹೋಗುವಷ್ಟು ದೊಡ್ಡವರಾದ ಮೇಲೆ ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ನೋಡುವ ಚಟ ಹತ್ತಿತ್ತು. ಹಾಗೆ ಹೋದಾಗ ಒಮ್ಮೆ ಮಳೆ ಬಂತು. ಹಿಂದಿನ ಗಲ್ಲಿಯ ಒಂದು ಅಂಗಡಿಯೊಳಗೆ ನಿಂತೆ. ಸಿಕಂದರಾಬಾದಿನ ಹಳೆಯ ಬಂಗಲೆಗಳನ್ನು ಕೆಡವಿದಾಗ ಸಿಗುವ ಸಾಮಾನು, ಯೂರೋಪಿನಿಂದ ಹಡಗಿನಲ್ಲಿ ಬರುವ ತೋಟದ ಸಾಮಾನು ಮಾರುವ ಅಂಗಡಿ ಅದು. ಕಲ್ಲಿನ ಹೂಕುಂಡಗಳು, ದೀಪದ ಕಂಬಗಳು, ಕಾರಂಜಿಯ ಬೋಗುಣಿಗಳು ಒಂದರ ಮೇಲೊಂದು ಒರಗಿ ನಿಂತಿದ್ದವು. ಬಾಗಿಲ ಬಳಿ ಒಂದು ಬೆಂಚಿತ್ತು. ಅದರ ಎಡಗಾಲಿನ ಮೇಲೆ ದ್ರಾಕ್ಷಿ ಬಳ್ಳಿ ಎರಕ ಹೊಯ್ದಿದ್ದರು, ಬಲಗಾಲಿನ ಮೇಲೆ ಜರೀಗಿಡದ ಎಲೆ. ಅಂಗಡಿಯ ಒಡತಿ ಶಿರೀನ್ ಆಪಾ ಅದೇ ಬೆಂಚನ್ನು ಒಬ್ಬ ಗಿರಾಕಿಗೆ ಹೊಗಳುತ್ತಿದ್ದರು. ಗಿರಾಕಿ ಹೋದ ಮೇಲೆ ನಾನು ಮೆಲ್ಲಗೆ, ಇವು ಎರಡು ಬೇರೆ ಬೇರೆ ಬೆಂಚಿನ ಕಾಲುಗಳು ಎಂದೆ.

ಆಪಾ ಕನ್ನಡಕ ಹಾಕಿಕೊಂಡು ಕಾಲು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಘರ್ ಮೇಂ ಕ್ಯಾ ಕರ್ತೇ ತುಮ್?"

"ಕುಛ್ ನೈ. ಘರ್‌ಈಚ್ ದೇಖ್ತೀ."

"ತೋ ಕಲ್ ಸೇ ಇಧರ್ ಕಾ ಭೀ ದೇಖೋ."

ಮನೆ ನೋಡಿಕೊಳ್ಳುವವಳು ನಾಳೆಯಿಂದ ಇಲ್ಲಿಯದನ್ನೂ ನೋಡಿಕೋ ಎಂದರು, ಹೀಗೆ ನೌಕರಿ ಸಿಕ್ಕಿತು. ಮನೆಯಲ್ಲಿ ಅತ್ತೆಯವರು, "ಗುಜರಿ ಅಂಗಡ್ಯಾಗ ನಮ್ಮ ಸೊಸಿ ಕೆಲಸ ಮಾಡ್ತಾಳ ಅಂತ ಯಾರ ಮುಂದ ಹೇಳೂದು?" ಎಂದರು. ಬಹಳ ಕಾಲ ನಮ್ಮ ಬಳಗದ ಮದುವೆ ಮುಂಜಿಗಳಲ್ಲಿ ನಾನು ಇಂಗ್ಲಿಷ್ ಟ್ಯೂಷನ್ ಹೇಳುವವಳಾಗಿದ್ದೆ. ಅತ್ತೆ ಹಾಗೆ ಹೇಳುವಾಗ ನಾನೂ ತಲೆಯಾಡಿಸುತ್ತಿದ್ದೆ.

ಆಪಾ ಒಳ್ಳೆಯ ಗುರು, ನಾಲಿಗೆ ಮಾತ್ರ ಹರಿತ. ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಿಮೆಂಟಿನಿಂದ ತುಂಬಿದ ಜಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ ಎಂದು ತೋರಿಸಿಕೊಟ್ಟವರು ಅವರು. ಬೀಡು ಕಬ್ಬಿಣವನ್ನು ಬೆರಳ ಗೆಣ್ಣಿನಿಂದ ತಟ್ಟಿ ಒಳಗೆ ಬಿರುಕು ಇದೆಯೋ ಇಲ್ಲವೋ ಕೇಳಿಸಿಕೊಳ್ಳಬೇಕು. ಅಂದಿನಿಂದ ನನ್ನ ಸೆರಗಿಗೆ ಒಣಗುವ ಯೋಗ ಇರಲಿಲ್ಲ. ಎಲ್ಲಿ ಹೋದರೂ ಅದರ ತುದಿ ಒದ್ದೆ ಮಾಡಿ ಏನನ್ನಾದರೂ ಒರೆಸುತ್ತಿದ್ದೆ. ಅವರ ಇನ್ನೊಂದು ಪಾಠ ಮಾತಿನದು. ಮಾಲೀಕರ ಜೊತೆ ಇಂಗ್ಲಿಷ್, ಕೂಲಿಯವರ ಜೊತೆ ಹಿಂದಿ. ಕೂಲಿಯವರ ಮನೆಮಾತು ನಿನಗೆ ಬಂದರೂ ಆಡಕೂಡದು. "ಏಕ್ ಬಾರ್ ಅಕ್ಕಾ ಬೋಲೇ ತೋ ಕಾಮ್ ಖತಮ್" ಎನ್ನುತ್ತಿದ್ದರು, ಒಮ್ಮೆ ಅವರು ಅಕ್ಕಾ ಎಂದರೆ ಕೆಲಸ ಕೆಟ್ಟಿತು ಎಂದು. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಊರಲ್ಲಿ ತೊಟ್ಟಿಲು. ರಜೆ ಕೊಡದೆ ಇರಲು ನಿನ್ನ ಕೈಲಾಗುವುದಿಲ್ಲ ಎಂದು ಅವರ ಲೆಕ್ಕ.

ಅದು ನನಗೆ ಕಷ್ಟವಾಗಲೇ ಇಲ್ಲ. ಕಾನ್ವೆಂಟಿನಲ್ಲಿ ಕನ್ನಡ ಆಡಿ ಸಿಕ್ಕಿಬಿದ್ದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾಲಿಗೆಗೆ ಚಿಲಕ ಹಾಕುವುದು ಆಗಲೇ ರೂಢಿಯಾಗಿತ್ತು. ಹೈದರಾಬಾದಿನಲ್ಲಂತೂ ನಾವೆಲ್ಲ ಹೊರಗೆ ಹಿಂದಿ, ತೆಲುಗು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆಯೇ ಕನ್ನಡ.

ನನ್ನ ತಪ್ಪುಗಳಲ್ಲಿ ನಗೆ ಬರುವಂಥವನ್ನು ಮೊದಲು ಹೇಳುತ್ತೇನೆ. ಒಬ್ಬ ಡಾಕ್ಟರರ ತೋಟದಲ್ಲಿ ಬೀಡಿನ ಬೆಂಚನ್ನು ಪಡುವಣಕ್ಕೆ ಮುಖ ಮಾಡಿ ಇರಿಸಿದ್ದೆ. ವಿದೇಶದ ಪುಸ್ತಕದ ಚಿತ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತ ಇಬ್ಬರು ಅಂಥದೇ ಬೆಂಚಿನ ಮೇಲೆ ಕೂತಿದ್ದರು. ನಮ್ಮಲ್ಲಿ ಅದು ಬೇಸಿಗೆ. ಸಂಜೆ ಹೊತ್ತಿಗೆ ನೆಂಟರು ಬಂದರು. ಡಾಕ್ಟರರ ಭಾವನವರು ತೆಳ್ಳನೆಯ ಧೋತರ ಉಟ್ಟಿದ್ದರು. ಬಹಳ ಗತ್ತಿನಿಂದ ಹೋಗಿ ಆ ಬೆಂಚಿನ ಮೇಲೆ ಕೂತರು, ಕೂತಷ್ಟೇ ಬೇಗ ಎದ್ದರು. ಎದ್ದಾಗ ಅವರ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು. ಡಾಕ್ಟರರೇ ಮುಲಾಮು ತರಲು ಓಡಿದರು. ಮರುದಿನ ಆಪಾ, "ಅವರು ಬಿಸಿಲು ಸಿಗಲಿ ಅಂತ ಬೆಂಚು ಹಾಕ್ತಾರೆ, ನಾವು ಬಿಸಿಲು ತಪ್ಪಲಿ ಅಂತ. ಈ ಊರಲ್ಲೇ ಹಪ್ಪಳ ಒಣಗಿಸಿದವಳಿಗೆ ಇಷ್ಟು ತಿಳೀಲಿಲ್ವಾ?" ಎಂದು ತಮ್ಮ ಹಿಂದಿಯಲ್ಲಿ ಛೀಮಾರಿ ಹಾಕಿದರು.

ಇನ್ನೊಂದು ಮನೆಯಲ್ಲಿ ಕಲ್ಲಿನ ಪೀಠದ ಮೇಲೆ ಹಿತ್ತಾಳೆಯ ನೆರಳುಗಡಿಯಾರ ಇಟ್ಟೆ. ಎಷ್ಟು ತಿರುಗಿಸಿದರೂ ಅದು ಕೈಗಡಿಯಾರದ ಜೊತೆ ಹೊಂದಲಿಲ್ಲ. ಬೆವರು ಸುರಿಸುತ್ತ ಪೀಠವನ್ನು ನೂಕುತ್ತಿದ್ದಾಗ ಅತಿಥಿಗಳಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ನಕ್ಕು, ಅದರ ಮುಳ್ಳನ್ನು ಆ ದೇಶದ ಸೂರ್ಯನಿಗೆ ತಕ್ಕ ಹಾಗೆ ವಾಲಿಸಿದ್ದಾರೆ, ನಮ್ಮ ಸೂರ್ಯ ನಡುನೆತ್ತಿಯ ಮೇಲೆ ಹೋಗುವವನು, ನೀವು ಸಂಜೆವರೆಗೆ ತಿರುಗಿಸಿದರೂ ಅಷ್ಟೇ ಎಂದರು. ಆ ಮನೆಯವರು ಒಳ್ಳೆಯವರು. ಅದರ ಮೇಲೊಂದು ತಟ್ಟೆ ಇಟ್ಟು ಹಕ್ಕಿಗಳಿಗೆ ನೀರು ಹಾಕಿದರು.

ಆಪಾ ಅಂಗಡಿ ಮುಚ್ಚಿ ಮಗಳ ಮನೆಗೆ ಹೋದ ಮೇಲೆ ಅವರ ಗಿರಾಕಿಗಳು ನನ್ನ ಕಡೆ ಬಂದರು. ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಯಿತು. ಮೊದಲು ಒಂದು ಹೂಕುಂಡ ನೋಡಲು ಆಟೋ ಹಿಡಿದು ಊರಿನ ಆ ತುದಿಗೆ ಹೋಗಿ ಕೈಯಿಂದ ಮುಟ್ಟಿ ಬರುತ್ತಿದ್ದೆವು. ಈಗ ಫೋನಿನಲ್ಲಿ ಫೋಟೋ ಬರುತ್ತದೆ. ಫೈಬರಿನ ಕುಂಡಕ್ಕೆ ಮಜ್ಜಿಗೆ ಬಳಿದು, ನೆರಳಿನಲ್ಲಿ ಇಟ್ಟು ಪಾಚಿ ಬೆಳೆಸಿ, ಹಳೆಯ ಯೂರೋಪಿನದು ಎಂದು ಮಾರುವವರಿದ್ದಾರೆ. ಸಹನಾ, ಫೋಟೋಗೆ ತೂಕ ಇರುವುದಿಲ್ಲ. ಹೋಗಿ ಎತ್ತಿ ನೋಡು.

ಇನ್ನು ನಗೆ ಬಾರದ ಸಂಗತಿ.

ಉಪ್ಪಲ್ ದಾಟಿ ಆಚೆ, ವಸುಂಧರಾ ಎಂಬವರ ಹೊಸ ಮನೆ. ಮೃದು ಮಾತಿನವರು, ಗೃಹಪ್ರವೇಶದೊಳಗೆ ತೋಟ ಮುಗಿಯಬೇಕು ಎಂಬುದೊಂದೇ ಅವರ ಹಟ. ಅವರಿಗಾಗಿ ಯೂರೋಪಿನ ಯಾವುದೋ ತೋಟದಿಂದ ಕಳಚಿದ ಒಂದು ಕಬ್ಬಿಣದ ಮಂಟಪ ಬಂದಿತ್ತು. ಕಂಬಗಳು, ಕಮಾನುಗಳು, ಎಲೆಬಳ್ಳಿಯ ಜಾಲರಿ, ಎಲ್ಲ ಬಿಡಿ ಬಿಡಿಯಾಗಿ ಹುಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದವು. ಜೊತೆಗೊಂದು ಕಾರಂಜಿ. ಅದರ ನಡುವೆ ಕೊಡ ಹಿಡಿದ ಕಲ್ಲಿನ ಹುಡುಗಿ, ಸೊಂಟದ ಮೇಲೆ ಬಟ್ಟೆಯಿಲ್ಲ. ಮಂಟಪದ ಮೇಲೆ ಹಸಿರು ಬಣ್ಣ ದಪ್ಪಗೆ ಕೂತಿತ್ತು. ಅದರ ಕೆಳಗೆ ಬಿಳಿ, ಅದರ ಕೆಳಗೆ ಬೂದು. ಎಷ್ಟೋ ಜನ ವರ್ಷ ವರ್ಷ ಬಳಿದ ಬಣ್ಣದಲ್ಲಿ ಎಲೆಯ ನರಗಳೆಲ್ಲ ಮುಚ್ಚಿಹೋಗಿದ್ದವು.

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಇದನ್ನು ಈ ಕೆಲಸಕ್ಕೆ ಬರುವ ಎಲ್ಲರೂ ತಿಳಿದಿರಬೇಕು. ಅದನ್ನು ಒಣಗಿದ್ದಾಗ ಕೆರೆದರೆ ಪುಡಿ ಏಳುತ್ತದೆ, ಉಸಿರಿನಲ್ಲಿ, ಉಗುರಿನಲ್ಲಿ, ಊಟದಲ್ಲಿ ಸೇರಿ ಒಳಗೆ ಹೋಗುತ್ತದೆ. ನೀರು ಹನಿಸುತ್ತ ಕೆರೆಯಬೇಕು, ಕೈಗವಸು ಹಾಕಬೇಕು, ಪುಡಿ ತಡೆಯುವ ಮಾಸ್ಕ್ ಕಟ್ಟಬೇಕು. ಗರ್ಭಿಣಿಯರು ಹತ್ತಿರವೂ ಬರಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಅದು ವಿಷ. ಮೇಸ್ತ್ರಿ ಯಾದಯ್ಯನಿಗೆ ಇದನ್ನೆಲ್ಲ ತೆಲುಗಿನಲ್ಲಿ ಹೇಳಿದೆ. ಗರ್ಭಿಣಿಯ ಮಾತು ಮಾತ್ರ ಬಿಟ್ಟೆ. ಅಂಥವರು ಅಲ್ಲಿ ಇದ್ದಾರೆಂದು ನನಗೆ ಆಗ ಗೊತ್ತಿರಲಿಲ್ಲ. ಅವನು ಆಯಿತಮ್ಮ ಎಂದ. ನಾನು ಬೆನ್ನು ತಿರುಗಿಸಿದ ಕೂಡಲೇ ಒಣ ಕೆರೆತವೇ ನಡೆಯುತ್ತಿತ್ತು, ಅದು ಬೇಗ ಮುಗಿಯುತ್ತದೆ.

ಯಾದಯ್ಯನ ಕೆಲಸಗಾರರು ಸುರಪುರದ ಕಡೆಯ ಒಂದೇ ಮನೆತನದವರು. ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಹಿರಿಯ ಸಾಬಣ್ಣ, ಅವನ ತಮ್ಮನ ಮಕ್ಕಳಿಬ್ಬರು, ಆ ಇಬ್ಬರ ಹೆಂಡಂದಿರು ಶರಣಮ್ಮ ಮತ್ತು ಮಲ್ಲಮ್ಮ. ಮೊದಲ ದಿನ ಅವರ ಮಾತು ಕಿವಿಗೆ ಬಿದ್ದಾಗ ನನ್ನ ಎದೆ ಬೆಚ್ಚಗಾಯಿತು. ನಮ್ಮ ಅಜ್ಜಿಯ ಅಂಗಳದ ಮಾತು ಅದು. ಬಾಯಿ ತೆರೆದೆ, ಆಪಾ ನೆನಪಾದರು. ಹಿಂದಿಯಲ್ಲಿ "ಕಾಮ್ ಅಚ್ಛಾ ಕರೋ" ಎಂದು ಹೇಳಿ ಮುಂದೆ ಹೋದೆ. ಆ ಹೊತ್ತು ಕಳೆದ ಮೇಲೆ ದಿನದಿಂದ ದಿನಕ್ಕೆ ಹೇಳುವುದು ಇನ್ನೂ ಕಷ್ಟವಾಯಿತು. ಏಕೆಂದರೆ ಅಷ್ಟರಲ್ಲಿ ಅವರು ಬಹಳ ಮಾತಾಡಿಬಿಟ್ಟಿದ್ದರು.

ಕಲ್ಲಿನ ಹುಡುಗಿಯನ್ನು ಪೆಟ್ಟಿಗೆಯಿಂದ ತೆಗೆದಾಗ ಸಾಬಣ್ಣ ತಲೆಯ ಮೇಲಿನ ಟವೆಲ್ ಸರಿಪಡಿಸಿಕೊಂಡು, "ಅಯ್ಯ ಪಾಪ, ಯಾರ ಮನೀ ಮಗಳೋ! ನೀರಿಗೆ ಹೋಗಿದ್ಲು ಕಾಣತೈತಿ. ಕಳ್ಳರು ಸೀರಿ ಒಯ್ದು ಕೊಡ ಬಿಟ್ಟಾರ" ಎಂದ.

"ಕೊಡ ಕಲ್ಲಿಂದು ಮಾವ, ಹೊರಲಾರದ ಬಿಟ್ಟಾರ" ಎಂದಳು ಶರಣಮ್ಮ.

"ಹಂಗಾದ್ರ ಸೀರಿನೂ ಕಲ್ಲಿಂದ ಇದ್ದಿದ್ರ ಉಳೀತಿತ್ತು ನೋಡವ್ವಾ."

ನಾನು ಮುಖ ತಿರುಗಿಸಿ ಹೂಕುಂಡ ಒರೆಸತೊಡಗಿದೆ. ಅದಕ್ಕೂ ಸಾಬಣ್ಣನ ಹತ್ತಿರ ಮಾತಿತ್ತು. ನಮ್ಮ ಕಡೆ ದೊಡ್ಡ ಮನೆಯ ಹೆಂಗಸನ್ನು ಬಾಯಿ ಎನ್ನುತ್ತಾರೆ. "ಈ ಒರಸೂ ಬಾಯಿನ್ನ ನೋಡ್ರಿ. ಕಲ್ಲಿಗೇ ಇಷ್ಟು ಒರಸ್ತಾಳಂದ್ರ ಮನ್ಯಾಗ ಗಂಡಗ ಎಷ್ಟು ಒರಸ್ತಾಳೋ! ಆ ಮನಶ್ಯಾ ಸವದು ಅರ್ಧ ಆಗಿರಬೇಕು."

ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗದೆ ಕೆಮ್ಮಿದೆ. ಮನೆಗೆ ಹೋಗಿ ನಮ್ಮವರಿಗೆ ಹೇಳಿ ಇಬ್ಬರೂ ನಕ್ಕೆವು. ಆಮೇಲಾಮೇಲೆ ಕೆಲಸವಿಲ್ಲದಿದ್ದರೂ ಬಟ್ಟೆಯ ತುಂಡು ಹಿಡಿದು ಅವರ ಹತ್ತಿರ ನಿಲ್ಲುತ್ತಿದ್ದೆ. ಅವರ ಜೋಳದ ರೇಟು, ಊರಿನ ಜಗಳ, ಗಂಡ ಹೆಂಡಿರ ಮುನಿಸು, ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಶರಣಮ್ಮನಿಗೆ ಸ್ವಲ್ಪ ಹಿಂದಿ ಬರುತ್ತಿತ್ತು. ದಿನಾ ತಮ್ಮ ಒಲೆಯಿಂದ ಸ್ಟೀಲ್ ಗ್ಲಾಸಿನಲ್ಲಿ ನನಗೆ ಚಹಾ ತಂದು ಕೊಡುತ್ತಿದ್ದವಳು ಅವಳೇ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಅವಳಿಗೆ ಮಕ್ಕಳಿರಲಿಲ್ಲ. ಇದೂ ನನಗೆ ಹಾಗೆಯೇ ತಿಳಿದದ್ದು, ಅವಳು ಹೇಳಿದ್ದಲ್ಲ.

ಒಂದು ದಿನ ಮಂಟಪದ ಹಿಂದೆ ನಿಂತಿದ್ದಾಗ ಸಾಬಣ್ಣ ದನಿ ತಗ್ಗಿಸಿ ಹೇಳುತ್ತಿದ್ದುದು ಕೇಳಿಸಿತು. "ಮಲ್ಲಿ ಬುಟ್ಟಿ ಹೊರೂದು ಬ್ಯಾಡ. ಎರಡು ಜೀವದಾಕಿ ಅದಾಳ. ಈ ಬಣ್ಣ ಕೆರಿಯೂ ಕೆಲಸಕ್ಕ ಕುಂದ್ರಸ್ರಿ, ಕುಂತ ಕೆಲಸ, ನೆರಳಾಗ."

"ಮೇಸ್ತ್ರಿಗೆ ಗೊತ್ತಾಗಬಾರದು" ಎಂದಳು ಶರಣಮ್ಮ. "ಬಸುರಿ ಅಂತ ಗೊತ್ತಾದ್ರ ಗಂಟು ಕಟ್ಟಸ್ತಾನ. ಆಕೀ ಪಾಲಿಂದು ನಾ ಹೊರ್ತೀನಿ."

ಮಲ್ಲಮ್ಮ ಇನ್ನೂ ಚಿಕ್ಕವಳು, ಮಾತು ಕಡಿಮೆ. ಸೀರೆಯನ್ನು ಸಡಿಲವಾಗಿ ಉಡುತ್ತಿದ್ದಳು. ಆ ದಿನದಿಂದ ಮಂಟಪದ ಕಂಬ ತೊಡೆಗೆ ಆನಿಸಿಕೊಂಡು ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿ ಹಿಡಿದು ಕೆರೆಯತೊಡಗಿದಳು. ಅವಳನ್ನು ಕಾಪಾಡಲೆಂದು ಮನೆಯವರೆಲ್ಲ ಸೇರಿ ಆರಿಸಿದ ಕೆಲಸ ಅದು. ಆ ತೋಟದಲ್ಲಿ ಅವಳು ಮಾಡಬಾರದ ಕೆಲಸವೂ ಅದೊಂದೇ.

ನಾನು ಸುಮ್ಮನಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಕೈಗವಸು, ಮಾಸ್ಕ್ ತಂದು ಕೊಟ್ಟೆ. ಪೈಪು ಹಿಡಿದು ಕಂಬಗಳಿಗೆ ನಾನೇ ನೀರು ಹೊಡೆದೆ, ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗಿಹೋಯಿತು. ಮಲ್ಲಮ್ಮನಿಗೆ ಹಿಂದಿಯಲ್ಲಿ "ಯೇ ಕಾಮ್ ನಕ್ಕೋ, ಝಹರ್ ಹೈ" ಎಂದೆ. ಅವಳು ಅರ್ಥವಾಗದೆ ಸಾಬಣ್ಣನ ಮುಖ ನೋಡಿದಳು. ಹಿಂದಿ ಆಡಲು ಬಾರದಿದ್ದರೂ ಕೇಳಿದರೆ ಅವನಿಗೆ ಅಷ್ಟಿಷ್ಟು ತಿಳಿಯುತ್ತಿತ್ತು.

"ಏನಂತ ಮಾವ?"

"ಬಣ್ಣದಾಗ ವಿಷ ಐತಂತ. ವಿಷ ಇದ್ರ ಇಷ್ಟು ರೊಕ್ಕದ ಸಾಮಾನು ಮನ್ಯಾಗ ಯಾರ ಇಡ್ತಾರ? ಕೆತ್ತನಿ ಗೀಚಿ ಹೋದೀತು ಅಂತ ಹೆದರಸ್ತಾಳ. ನೀ ಕುಂದ್ರು."

ನಿಮ್ಮ ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಅದನ್ನು ಹೇಳಬೇಕಾದರೆ ಅದು ನನಗೆ ಹೇಗೆ ಗೊತ್ತಾಯಿತು ಎಂದು ಹೇಳಬೇಕು. ಗಂಡನನ್ನು ಒರೆಸುವ ಮಾತಿನಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡೆ ಎಂದು ಒಪ್ಪಬೇಕು. ನಾಲಿಗೆ ಏಳಲಿಲ್ಲ.

ಮರುದಿನ ಮಧ್ಯಾಹ್ನ ಅವರು ಊಟಕ್ಕೆ ಕೂತಿದ್ದರು. ಮಲ್ಲಮ್ಮನ ಹುಬ್ಬಿನ ಕೂದಲಿನಲ್ಲಿ, ತಾಳಿಯ ಕರಿಮಣಿಗಳ ಸಂದಿನಲ್ಲಿ ಹಸಿರು ಪುಡಿ ಕೂತಿತ್ತು. ಕೈಯನ್ನು ಸೀರೆಗೆ ಒರೆಸಿಕೊಂಡು ರೊಟ್ಟಿ ಮುರಿದಳು. ಶೇಂಗಾ ಚಟ್ನಿ ಬೆರಳಿಗೆ ಹತ್ತಿದ್ದನ್ನು ನೆಕ್ಕಿದಳು. ಆ ಬೆರಳಿನ ಉಗುರು ಹಸಿರಾಗಿತ್ತು. ನಾನು ನೇರ ಯಾದಯ್ಯನ ಹತ್ತಿರ ಹೋಗಿ, ಆ ಹುಡುಗಿ ಗರ್ಭಿಣಿ, ಬಣ್ಣದ ಕೆಲಸದಿಂದ ಎಬ್ಬಿಸು, ಬೇರೆ ಏನಾದರೂ ಹಗುರವಾದದ್ದು ಕೊಡು ಎಂದೆ.

ಯಾದಯ್ಯ ನನ್ನ ಮುಖ ದಿಟ್ಟಿಸಿದ. "ಮೀಕೆವರು ಚೆಪ್ಪಿನ್ರಮ್ಮಾ?"

ನಿಮಗೆ ಯಾರು ಹೇಳಿದರು ಎಂದು ಅವನು ಕೇಳಿದ್ದು. "ಎವರೋ ಚೆಪ್ಪಿನ್ರು" ಎಂದುಬಿಟ್ಟೆ. ಯಾರೋ ಹೇಳಿದರು. ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಕಲ್ಲು ಒಡೆದಿದ್ದೇನೆ, ಎಷ್ಟೋ ಬೆಂಚು ತಪ್ಪು ಕಡೆಗೆ ಇಟ್ಟಿದ್ದೇನೆ. ಆ ಎರಡು ಶಬ್ದದಷ್ಟು ಕೆಡಿಸಿದ್ದು ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಮಂಟಪದ ಹತ್ತಿರ ಮಲ್ಲಮ್ಮ ಇರಲಿಲ್ಲ. ಯಾದಯ್ಯ ಮಾತು ಕೇಳಿದ ಎಂದು ನನಗೆ ಸಮಾಧಾನವಾಯಿತು. ಶರಣಮ್ಮ ಎಂದಿನಂತೆ ಚಹಾ ತಂದಳು. ಕಣ್ಣು ಊದಿಕೊಂಡಿದ್ದವು. ಗ್ಲಾಸು ಇಟ್ಟು ಹೋದಳು. ಗ್ಲಾಸು ತಿರುಗಿ ಕೊಡಲೆಂದು ನಾನೇ ಶೆಡ್ಡಿನ ಕಡೆ ನಡೆದೆ. ತಗಡಿನ ಆಚೆಯಿಂದ ಮಾತು ಕೇಳಿಸಿತು.

"ಮೇಸ್ತ್ರಿ ಬಾಯಿಬಿಟ್ಟು ಹೇಳ್ಯಾನ. ನಿಮ್ಮಾಗಿನವರ ಯಾರೋ ಬಾಯಿಗೆ ಹೇಳ್ಯಾರ ಅಂತ" ಎನ್ನುತ್ತಿದ್ದ ಸಾಬಣ್ಣ. "ನಿನ್ನ ಬಿಟ್ರ ಆ ಬಾಯಿ ಕೂಡ ಹಿಂದಿ ಮಾತಾಡೂರು ನಮ್ಮಾಗ ಯಾರದಾರ ಶರಣವ್ವಾ?"

"ನನ್ನ ಕಣ್ಣಾಣಿ ಮಾವ, ನಾ ಒಂದು ಮಾತು ಆಡಿಲ್ಲ. ಚಹಾ ಕೊಟ್ಟು ಬರ್ತೀನಿ, ಅಷ್ಟ."

ಆಮೇಲೆ ಮಲ್ಲಮ್ಮನ ದನಿ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಿನ್ನ ಉಡಿ ಖಾಲಿ ಅಂತ ನನ್ನ ಉಡಿಗೆ ಕಣ್ಣ ಹಾಕಿದಿ ಅಕ್ಕಾ. ನನ್ನ ಬುಟ್ಟಿ ಹೊರೂದು, ನನ್ನ ರೊಟ್ಟಿ ಬಡಿಯೂದು, ಎಲ್ಲಾ ನಾಟಕ ಮಾಡಿದಿ. ಈಗ ಊರಿಗೆ ಹೋಗಿ ಏನ ತಿನ್ನಲಿ ನಾ?"

ಶರಣಮ್ಮನ ಗಂಟಲಿನಿಂದ ಒಂದು ಸದ್ದು ಬಂತು, ಅದು ಅಳುವೂ ಆಗಿರಲಿಲ್ಲ.

ಹಾಗೆಯೇ ಹಿಂದಿರುಗಬಹುದಿತ್ತು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ ಕೂಡ. ಗ್ಲಾಸಿನಲ್ಲಿ ಚಹಾದ ಬಿಸಿ ಇನ್ನೂ ಇತ್ತು. ಬಾಗಿಲಿಗೆ ಅಡ್ಡ ಕಟ್ಟಿದ್ದ ಸೀರೆ ಸರಿಸಿ ಒಳಗೆ ಹೋದೆ.

"ಶರಣಮ್ಮ ಏನೂ ಹೇಳಿಲ್ಲ" ಎಂದೆ. "ಮೇಸ್ತ್ರಿಗೆ ಹೇಳಿದಾಕಿ ನಾನು. ನೀವು ಮಾತಾಡೂದು ಕೇಳಿ ಹೇಳಿದೆ. ನನಗ ಕನ್ನಡ ಬರ್ತದ. ನಾನೂ ಕಲಬುರಗಿಯಾಕಿ."

ಮಲ್ಲಮ್ಮನ ಗಂಡ ಕಟ್ಟುತ್ತಿ‌ದ್ದ ಗಂಟನ್ನು ಅರ್ಧಕ್ಕೆ ಬಿಟ್ಟ. ಸಾಬಣ್ಣ ತಲೆಯಿಂದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಷ್ಟು ದಿನ ಆಡಿದ್ದನ್ನೆಲ್ಲ ಅವನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದುದು ಅವನ ಮುಖದ ಮೇಲೆ ಕಾಣುತ್ತಿತ್ತು.

"ಸುರುವಿಂದನೂ ತಿಳೀತಿತ್ತೇನ್ರಿ ತಾಯಿ?"

"ಹೂಂ."

"ಆ ಕಲ್ಲಿನ ಹುಡುಗಿ ಮಾತೂ? ನಿಮ್ಮ ಯಜಮಾನರ ಮಾತೂ?"

"ಹೂಂ."

"ಶಿವ ಶಿವಾ" ಎಂದು ಅವನು ಗೋಡೆಯ ಕಡೆ ಮುಖ ಮಾಡಿದ. ಹೆಣ್ಣುಮಕ್ಕಳ ಮುಂದೆ ಅಂಥ ಮಾತು ಆಡುವ ಮನುಷ್ಯನಲ್ಲ ಅವನು. ನನಗೆ ತಿಳಿಯುವುದಿಲ್ಲ ಎಂದುಕೊಂಡು ಆಡಿದ್ದ. ಅವನಿಗಾದ ನಾಚಿಕೆಯೂ ನಾನೇ ತಂದಿಟ್ಟದ್ದು. ಬಣ್ಣದಲ್ಲಿ ಏನಿದೆ, ಕೂಸಿಗೆ ಅದರಿಂದ ಏನಾಗುತ್ತದೆ ಎಂದು ಆಗ ಕನ್ನಡದಲ್ಲಿ ಹೇಳಿದೆ. ಎಲ್ಲರಿಗೂ ಥಟ್ಟನೆ ತಿಳಿಯಿತು. ಶರಣಮ್ಮ ಸೆರಗಿನಿಂದ ಮಲ್ಲಮ್ಮನ ಹುಬ್ಬು, ಕುತ್ತಿಗೆ ಒರೆಸತೊಡಗಿದಳು.

ಮಲ್ಲಮ್ಮ ಒರೆಸಲು ಬಿಟ್ಟು ನನ್ನ ಕಡೆ ನೋಡಿದಳು. "ಇದನ್ನ ನನಗ ಹೇಳಬಾರದಿತ್ತೇನ್ರಿ ಅಕ್ಕಾರ? ನಮ್ಮ ಮಾತಿನ್ಯಾಗ ಇಷ್ಟ ಅಂದಿದ್ರ ನಾನ ಎದ್ದು ಹೋಗ್ತಿದ್ದೆ. ಎದುರಿಗೇ ಕುಂತಿದ್ದೆ ನಾ. ಮೇಸ್ತ್ರಿಗ್ಯಾಕ ಹೇಳಿದ್ರಿ?"

ಕೈಯಲ್ಲಿದ್ದ ಗ್ಲಾಸನ್ನು ಅಲ್ಲೇ ಕೆಳಗಿಟ್ಟು ಹೊರಗೆ ಬಂದೆ.

ವಸುಂಧರಾ ಅವರ ಬಳಿ ಓಡಿದೆ. "ಲೇಬರ್ ವಿಷಯಕ್ಕೆ ನೀವು ಹೋಗಬೇಡಿ ಸುನಂದ ಗಾರೂ, ಫಂಕ್ಷನ್ ಹತ್ತಿರ ಬಂತು" ಎಂದು ಮೃದುವಾಗಿಯೇ ಹೇಳಿದರು. ಯಾದಯ್ಯನನ್ನು ಬೇಡಿಕೊಂಡೆ, ಜಗಳವಾಡಿದೆ, ಮಂಟಪದ ಕೆಲಸ ನಿಲ್ಲಿಸುತ್ತೇನೆ ಎಂದು ಹೆದರಿಸಿದೆ. ಕಡೆಗೆ, ಗಿಡಗಳಿಗೆ ನೀರು ಹಾಕುವುದಾದರೆ ಇರಲಿ ಎಂದು ಒಪ್ಪಿದ. ಆ ಸುದ್ದಿ ಹೊತ್ತುಕೊಂಡು ಶೆಡ್ಡಿಗೆ ಹೋದರೆ ಮಲ್ಲಮ್ಮ ಹೊರಟು ನಿಂತಿದ್ದಳು.

"ಬ್ಯಾಡ್ರಿ" ಎಂದಳು. "ಇನ್ನ ಇಲ್ಲಿದ್ರ ಮೇಸ್ತ್ರಿ ಕಣ್ಣು ದಿನಾ ನನ್ನ ಹೊಟ್ಟೀ ಮ್ಯಾಲೇ ಇರತೈತಿ. ಅವ್ವನ ಮನೀಗೆ ಹೋಗ್ತೀನಿ."

ಶರಣಮ್ಮ ಒಳಗಿನಿಂದ ಒಂದು ಬೊಗಸೆ ಅಕ್ಕಿ, ಬೆಲ್ಲದ ಚೂರು, ಎಲೆ ಅಡಿಕೆ ತಂದಳು. ತವರಿಗೆ ಹೊರಟ ಹೆಣ್ಣಿಗೆ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ತುಂಬಲೋ ಬೇಡವೋ ಎಂದು ಅವಳು ಅನುಮಾನಿಸಿ ನಿಂತಳು. ಮಲ್ಲಮ್ಮ ತಾನೇ ಸೆರಗು ಹಿಡಿದು, "ಹಾಕಕ್ಕಾ. ನನ್ನ ಬಾಯಿಗೆ ಹುಳ ಬೀಳಲಿ, ಏನೇನರ ಅಂದೆ" ಎಂದು ಅತ್ತಳು. ಶರಣಮ್ಮ ಅಕ್ಕಿ ಸುರಿದು, ಕುಂಕುಮ ಹಚ್ಚಿದಳು. ಕುಂಕುಮದ ಭರಣಿ ಮುಚ್ಚಿ ಒಳಗಿಟ್ಟಳು. ಇಂಥ ಹೊತ್ತಿನಲ್ಲಿ ಹತ್ತಿರ ನಿಂತ ಮುತ್ತೈದೆಯನ್ನು, ಯಾವ ಜಾತಿಯವಳಾದರೂ, ನೀವೂ ಒಂದು ಬೊಟ್ಟು ಇಡ್ರಿ ಎಂದು ಕರೆಯುತ್ತಾರೆ. ನಾನು ಬಾಗಿಲಲ್ಲೇ ಇದ್ದೆ. ಯಾರೂ ಕರೆಯಲಿಲ್ಲ.

ಆಮೇಲೆ ಮಂಟಪದ ಕೆಲಸ ನೀರು ಹನಿಸುತ್ತಲೇ ನಡೆಯಿತು. ಗಂಡಸರೇ ಮಾಸ್ಕ್ ಕಟ್ಟಿಕೊಂಡು ಕೆರೆದರು. ನಾನು ಹತ್ತಿರ ಬಂದರೆ ಅವರ ನಡುವಿನ ಮಾತು ನಿಲ್ಲುತ್ತಿತ್ತು. ಏನಾದರೂ ಹೇಳಲೇಬೇಕಾದಾಗ ಸಾಬಣ್ಣ ಬಾರದ ತೆಲುಗಿನಲ್ಲಿ ತಮ್ಮನ ಮಗನಿಗೆ ಹೇಳುತ್ತಿದ್ದ, ಅವನು ಬಾರದ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ಅದೇ ಉತ್ತರ. ಚಹಾ ಬರುತ್ತಿತ್ತು, ತಪ್ಪಲಿಲ್ಲ. ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು.

ಗೃಹಪ್ರವೇಶದ ದಿನ ಮಂಟಪ ಚೆನ್ನಾಗಿ ಕಂಡಿತು. ಎಲೆಗಳ ನರಗಳು ಎದ್ದು ಕಾಣುತ್ತಿದ್ದವು. ಬಂದವರೆಲ್ಲ ಅದರೊಳಗೆ ನಿಂತು ಫೋಟೋ ತೆಗೆಸಿಕೊಂಡರು. ನನ್ನನ್ನೂ ಕರೆದರು, ತಲೆನೋವು ಎಂದು ತಪ್ಪಿಸಿಕೊಂಡೆ.

ಸಹನಾ, ಹಳೆಯ ಕಬ್ಬಿಣ ಬಂದಾಗ ಮೊದಲು ನೀರು, ಕೈಗವಸು, ಮಾಸ್ಕ್ ಸಿದ್ಧಮಾಡು. ಏಕೆ ಎಂಬುದನ್ನು ಪಟ್ಟಿ ಹಿಡಿದ ಕೈಯವರಿಗೇ ಹೇಳು, ಮೇಸ್ತ್ರಿಗೆ ಹೇಳಿ ಕೈ ತೊಳೆದುಕೊಳ್ಳಬೇಡ. ಬಸುರಿಯರು, ಹಾಲೂಡುವವರು ಇದ್ದರೆ ಬೇರೆ ಹಗುರ ಕೆಲಸ ಇದೆ, ಕೆಲಸ ಹೋಗುವುದಿಲ್ಲ ಎಂದು ಮೊದಲ ದಿನವೇ ಹೇಳು, ಮತ್ತು ಹಾಗೆ ನಡೆಯುವಂತೆ ಮೇಸ್ತ್ರಿಯ ಹತ್ತಿರ ಮೊದಲೇ ಒಪ್ಪಿಸಿಕೋ. ಅವರ ಮಾತು ನಿನಗೆ ಬರುವುದಾದರೆ ಮೊದಲ ದಿನ ಮೊದಲ ಮಾತು ಅದರಲ್ಲೇ ಆಡು. ಎರಡನೆಯ ದಿನಕ್ಕೆ ತಡವಾಗುತ್ತದೆ.

ಬಹಳ ತಿಂಗಳಾದ ಮೇಲೆ ಕಾರಂಜಿಯ ಪೈಪು ಕೆಟ್ಟಿದೆ ಎಂದು ವಸುಂಧರಾ ಕರೆಸಿದರು. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು. ಅಲ್ಲಿ ಇಟ್ಟಿಗೆಗೆ ನೀರು ಹಾಕುತ್ತಿದ್ದವಳು ಶರಣಮ್ಮ. ತಂತಿ ಬೇಲಿಯ ಹತ್ತಿರ ಹೋಗಿ ನಿಂತೆ.

"ಮಲ್ಲಮ್ಮ ಹ್ಯಾಂಗದಾಳ ಶರಣಮ್ಮಾ? ಏನಾಯ್ತು?"

ಅವಳು ಪೈಪು ಕೆಳಗಿಟ್ಟು, ಕೈ ಒರೆಸಿಕೊಂಡು, ಮರ್ಯಾದೆಯಿಂದಲೇ ಎದುರು ನಿಂತಳು.

"ಲಡಕೀ ಹುಯೀ, ಮೇಡಂ. ದೋನೋ ಅಚ್ಛೇ ಹೈಂ." ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಅವಳು ಹಿಂದಿಯಲ್ಲೇ ಹೇಳಿದಳು.

"ಭಾಳ ಛಲೋ ಆತು" ಎಂದೆ.

"ಜೀ, ಮೇಡಂ."

ಪೈಪು ಎತ್ತಿಕೊಂಡು ಅವಳು ಆ ಕಡೆ ತಿರುಗಿದಳು. ಗೋಡೆಯ ಮೇಲೆ ಕೂತಿದ್ದ ಸಾಬಣ್ಣ ಏನೋ ಕೇಳಿದ. ಅವಳು ದನಿ ಇಳಿಸಿ ಕನ್ನಡದಲ್ಲಿ ಉತ್ತರ ಕೊಟ್ಟಳು. ಏನೆಂದಳೋ ಕೇಳಿಸುವಷ್ಟು ಹತ್ತಿರದಲ್ಲೇ ನಾನಿದ್ದೆ. ಕೇಳಿಸಿಕೊಳ್ಳದಂತೆ ಬೇಗ ಬೇಗ ನಡೆದು ಕಾರಂಜಿಯ ಕಡೆಗೆ ಬಂದುಬಿಟ್ಟೆ.